ಜಗಿಯದೆ ನುಂಗಿದ ಕಹಿ

ಯೆಹೂದಿಗಳ ಪಸ್ಕಹಬ್ಬದ ರಾತ್ರಿ ಹುಳಿಯಿಲ್ಲದ ರೊಟ್ಟಿಯನ್ನು ಜಗಿಯದೆ ಗುಳುಂ ಎಂದು ನುಂಗಿದರೂ ನೇಮ ಪೂರೈಸಿದಂತೆ. ಕಹಿಸೊಪ್ಪನ್ನು ಮಾತ್ರ ಹಾಗೆ ನುಂಗುವಂತಿಲ್ಲ. ನುಂಗಿದರೆ ಅದು ಲೆಕ್ಕಕ್ಕಿಲ್ಲ, ತಿಂದೇ ಇಲ್ಲವೆಂದು ಅರ್ಥ. 4ನೇ ಶತಮಾನದಲ್ಲಿ ಬಾಬಿಲೋನಿಯದಲ್ಲಿದ್ದ ರಾವಾ ಎಂಬ ಯೆಹೂದಿ ಗುರುವಿನ ಈ ತೀರ್ಪು ತಾಲ್ಮೂದಿನ ಪೆಸಾಖಿಮ್ ಭಾಗದಲ್ಲಿದೆ. ಅದನ್ನು ಓದಿದ ಗಳಿಗೆಯಲ್ಲಿ ಮೈ ಜುಮ್ಮೆಂದಿತು. ಕಹಿಯ ರುಚಿ ನಾಲಿಗೆಗೆ ತಾಗಲೇಬೇಕು, ಹಲ್ಲಿನ ನಡುವೆ ಅರೆಯಲೇಬೇಕು! ಯುಗಾದಿಯ ಬೇವನ್ನು ಬೆಲ್ಲದಲ್ಲಿ ಮುಳುಗಿಸಿ ಬೇಗ ಗಂಟಲಿಗಿಳಿಸುವ ನಮಗೆ ಇದೆಂಥ ಕಟ್ಟುನಿಟ್ಟು ಅನ್ನಿಸುತ್ತದೆ. ಪಸ್ಕದ ಊಟದಲ್ಲೂ ಸಿಹಿ ಇದೆ. ಹಣ್ಣು, ಕಾಯಿಬೀಜ, ದ್ರಾಕ್ಷಾರಸ ಕಲಸಿದ ಹರೋಸೆತ್ ಎಂಬ ಪಾಕ ಅದು. ಕಹಿಸೊಪ್ಪನ್ನು ಅದರಲ್ಲಿ ಅದ್ದುತ್ತಾರೆ. ಅದ್ದಿದ ಮೇಲೆ ಕೊಡವುತ್ತಾರೆ, ಕಹಿಯ ರುಚಿ ಮುಚ್ಚಿಹೋಗಬಾರದಲ್ಲ!

ಆ ಸೊಪ್ಪು ಯಾವುದು ಗೊತ್ತೆ? ಮಿಶ್ನಾ ಗ್ರಂಥ ಐದು ಸೊಪ್ಪುಗಳ ಹೆಸರು ಹೇಳುತ್ತದೆ. ಪಟ್ಟಿಯ ತಲೆಯಲ್ಲಿರುವುದು ಲೆಟ್ಯೂಸ್! ಇವತ್ತು ಸಲಾಡ್‌ಗೆ ಹಾಕುವ ನೀರುನೀರಾದ ತಳಿಗಳಿಂದ ಅದನ್ನು ಊಹಿಸುವುದು ಕಷ್ಟ. ಅದರ ಕಾಡುಜಾತಿಯ ಎಲೆ ಮುರಿದು ನೋಡಿ, ದಂಟಿನಿಂದ ಬಿಳಿ ಹಾಲು ಜಿನುಗುತ್ತದೆ. ಆ ಹಾಲಿನಲ್ಲೇ ಕಹಿ ಇರುವುದು. ಎಳೆಯದಿದ್ದಾಗ ಎಲೆ ಮೆದು, ತಿನ್ನಲು ಹಿತ. ಗಿಡ ಬಲಿತು ಹೂಗೊನೆ ಮೇಲಕ್ಕೆದ್ದಿತೋ, ಬಾಯಿಗಿಡಲಾಗದು. ಐಗುಪ್ತವೂ ಹೀಗೆಯೇ ಮಾಡಿತಲ್ಲ ಎಂದರು ತಾಲ್ಮೂದಿನ ಗುರುಗಳು. ಯೋಸೇಫನ ಕಾಲದಲ್ಲಿ ಇಸ್ರಾಯೇಲರನ್ನು ಮೆತ್ತಗೆ ಕರೆದು ನೆಲೆ ಕೊಟ್ಟಿತು, ಕೊನೆಗೆ ಜೇಡಿಮಣ್ಣು, ಇಟ್ಟಿಗೆಗಳ ಬಿಟ್ಟಿಕೆಲಸದಲ್ಲಿ ಬಾಳನ್ನೇ ಕಹಿ ಮಾಡಿತು. ಒಂದು ಎಲೆಯೊಳಗೆ ಒಂದು ಜನಾಂಗದ 400 ವರ್ಷ!

ಕಹಿ ನಾಲಿಗೆಗೆ ತಾಗಲೇಬೇಕೆಂಬುದನ್ನು ದೇಹವೂ ಹೇಳುತ್ತದೆ. ಸಿಹಿಯನ್ನು ಗುರುತಿಸಲು ನಮ್ಮ ನಾಲಿಗೆಗೆ ಒಂದೇ ಬಗೆಯ ಗ್ರಾಹಕ ಸಾಕು. ಕಹಿಗೆ ಸುಮಾರು 25 ಬಗೆ! ಇವುಗಳ ವಂಶ ವಿಜ್ಞಾನಿಗಳ ಕೈಗೆ ಸಿಕ್ಕಿದ್ದು 2000ದಲ್ಲಿ. ಗಿಡಗಳ ಎಷ್ಟೋ ವಿಷಗಳು ಕಹಿ, ಅದಕ್ಕೇ ಈ ಕಾವಲು. ಆದರೆ ಕಾವಲುಗಾರ ಎಚ್ಚರಿಸುವುದು ವಸ್ತು ನಾಲಿಗೆಯ ಮೇಲೆ ನಿಂತಾಗ ಮಾತ್ರ. ಕ್ಯಾಪ್ಸೂಲಿನೊಳಗಿಟ್ಟು ನುಂಗಿದರೆ ನಾಲಿಗೆಗೆ ಸುದ್ದಿಯೇ ಇಲ್ಲ.

ಈ ಒಂದು ಸೂತ್ರ ಹಿಡಿದು ಸತ್ಯವೇದವನ್ನು ಮತ್ತೆ ಬಿಚ್ಚಿದರೆ ಕಾಣುವುದೇ ಬೇರೆ. ಕಹಿ ಎಂದಕೂಡಲೇ ನಮಗೆ ನೆನಪಾಗುವುದು ಎಫೆಸದವರಿಗೆ ಬರೆದ ಪತ್ರದಲ್ಲಿ ಪೌಲನು ಕೊಟ್ಟ ಪಟ್ಟಿ. ಕಹಿ, ಕೋಪ, ಕೂಗಾಟ, ದೂಷಣೆ, ಎಲ್ಲವನ್ನೂ ಬಿಡಿ. ಸಭೆಗಳಲ್ಲಿ ಎಷ್ಟೋ ಪ್ರಸಂಗಗಳು ಅಲ್ಲೇ ಶುರುವಾಗಿ ಅಲ್ಲೇ ಮುಗಿಯುತ್ತವೆ. ಕೇಳಿದವರು ನೋವನ್ನು ಬಾಯಿಗೆ ತರದೆ ನುಂಗಿಕೊಂಡು ಮನೆಗೆ ಹೋಗುತ್ತಾರೆ, ನುಂಗಿದ್ದನ್ನೇ ಬಿಟ್ಟದ್ದೆಂದು ಭಾವಿಸುತ್ತಾರೆ. ಆದರೆ ಹಳೆ ಒಡಂಬಡಿಕೆಯ ಭಕ್ತರನ್ನು ನೋಡಿ, ಅವರು ನುಂಗುವವರೇ ಅಲ್ಲ!

ನೊವೊಮಿಯನ್ನೇ ನೋಡಿ. ಬರಗಾಲಕ್ಕೆ ಬೇತ್ಲೆಹೇಮ್ ಬಿಟ್ಟು ಮೋವಾಬಿಗೆ ಹೋದವಳು. ಅಲ್ಲಿ ಗಂಡ ಸತ್ತ, ಸುಮಾರು 10 ವರ್ಷ ಕಳೆಯುವಷ್ಟರಲ್ಲಿ ಇಬ್ಬರು ಗಂಡುಮಕ್ಕಳೂ ಸತ್ತರು. ಜವೆಗೋಧಿಯ ಕೊಯ್ಲು ಶುರುವಾಗುವ ಹೊತ್ತಿಗೆ ಊರಿಗೆ ಮರಳಿದಾಗ ಹೆಂಗಸರೆಲ್ಲ ಸುತ್ತುವರಿದರು. ಅವಳು ಬೀದಿಯಲ್ಲೇ ನಿಂತು, ಇನ್ನು ಮೇಲೆ ನನ್ನನ್ನು ಮಾರಾ ಎಂದು ಕರೆಯಿರಿ, ಸರ್ವಶಕ್ತನೇ ನನ್ನ ಬಾಳನ್ನು ಕಹಿ ಮಾಡಿದ್ದಾನೆ, ತುಂಬಿಕೊಂಡು ಹೋದವಳನ್ನು ಬರಿಗೈಯಲ್ಲಿ ತಂದಿದ್ದಾನೆ ಎಂದುಬಿಟ್ಟಳು. ದೇವರ ಹೆಸರು ಹಿಡಿದೇ ದೂರು! ಪಕ್ಕದಲ್ಲಿ ಸೊಸೆ ರೂತಳು ನಿಂತಿದ್ದಾಳೆ, ಆದರೂ ಬರಿಗೈ ಅನ್ನುತ್ತಾಳೆ. ನನ್ನನ್ನು ಬೆರಗುಗೊಳಿಸುವುದು ಮುಂದಿನದು: ಅವಳನ್ನು ಯಾರೂ ಗದರಿಸುವುದಿಲ್ಲ. ಅವಿಶ್ವಾಸ ಅನ್ನುವುದಿಲ್ಲ, ಸಮಾಧಾನದ ವಚನ ಹೇಳುವುದಿಲ್ಲ. ಕಥೆ ಹೇಳುವವನೂ ಅವಳು ಕೇಳಿಕೊಂಡ ಹೆಸರಿನಿಂದ ಅವಳನ್ನು ಒಮ್ಮೆಯೂ ಕರೆಯುವುದಿಲ್ಲ. ಕೊನೆಯವರೆಗೂ ಅವಳು ನೊವೊಮಿಯೇ. ಅದೇ ಊರಿನ ಅದೇ ಹೆಂಗಸರು ಕೊನೆಯಲ್ಲಿ ರೂತಳ ಕೂಸನ್ನು ನೋಡಿ, ಏಳು ಗಂಡುಮಕ್ಕಳಿಗಿಂತ ನಿನ್ನ ಈ ಸೊಸೆ ಮೇಲು ಎನ್ನುತ್ತಾರೆ. ಆ ಕೂಸು ದಾವೀದನ ತಾತ.

ಮಕ್ಕಳಿಲ್ಲದ ಹನ್ನಳದು ಇನ್ನೂ ಸೂಕ್ಷ್ಮ. ಶೀಲೋವಿನ ಆಲಯದಲ್ಲಿ ಅವಳ ತುಟಿಯಷ್ಟೇ ಅಲುಗುತ್ತಿತ್ತು. ಯಾಜಕ ಏಲಿ ಕುಡಿದಿದ್ದಾಳೆಂದು ತಿಳಿದ. ನೊಂದ ಪ್ರಾಣವನ್ನು ಕರ್ತನ ಮುಂದೆ ಹೊಯ್ಯುತ್ತಿದ್ದೇನೆ ಎಂದಳು ಅವಳು. ಅನಂತರ ಊಟ ಮಾಡಿದಳು, ಅವಳ ಮುಖ ಬಾಡಿದ್ದು ಹೋಯಿತು. ಇದು ಮಗ ಸಮುವೇಲ ಹುಟ್ಟಿದ ಮೇಲಿನ ಮಾತಲ್ಲ, ಅವಳು ಇನ್ನೂ ಬಸುರಿಯೇ ಆಗಿರಲಿಲ್ಲ! ಬೇಡಿದ್ದು ಸಿಗುವ ಮೊದಲೇ, ಹೊಯ್ದದ್ದರಿಂದಲೇ ಮುಖ ತಿಳಿಯಾಯಿತು.

ಇನ್ನು ಪ್ರಲಾಪಗಳು. ಯೆರೂಸಲೇಮ್ ಸುಟ್ಟುಹೋದ ಮೇಲೆ ಬರೆದ ಈ ಪುಸ್ತಕದ 3ನೇ ಅಧ್ಯಾಯದಲ್ಲಿ 66 ವಚನಗಳಿವೆ. ಹೀಬ್ರೂ ವರ್ಣಮಾಲೆಯ 22 ಅಕ್ಷರಗಳು, ಒಂದೊಂದು ಅಕ್ಷರದಿಂದ ಶುರುವಾಗುವ ಮೂರು ಮೂರು ವಚನಗಳು. ಏಳನೆಯ ಅಕ್ಷರಕ್ಕೆ ಬರುವುದು 19, 20, 21. ಹತ್ತೊಂಬತ್ತರಲ್ಲಿ ಮಾಚಿಪತ್ರೆ, ವಿಷ. ಇಪ್ಪತ್ತೊಂದರಲ್ಲಿ ನಿರೀಕ್ಷೆ. ಒಂದೇ ಅಕ್ಷರದ ಹಿಡಿತದೊಳಗೆ ಎರಡೂ! ನಿರೀಕ್ಷೆಗೆ ಕವಿ ಬೇರೆ ಅಕ್ಷರ, ಬೇರೆ ಕಟ್ಟು ಹುಡುಕಲಿಲ್ಲ. ಕಹಿಯನ್ನು ನೆನೆಯುತ್ತ ನೆನೆಯುತ್ತಲೇ ಅವನಿಗೆ ಇನ್ನೊಂದು ನೆನಪಾಗುತ್ತದೆ. ಮುಂದಿನೆರಡು ವಚನಗಳಿಂದ 1923ರಲ್ಲಿ ಥಾಮಸ್ ಚಿಸಮ್ 'ಗ್ರೇಟ್ ಈಸ್ ದೈ ಫೇತ್‌ಫುಲ್‌ನೆಸ್' ಕೀರ್ತನೆ ಕಟ್ಟಿದರು. ಲೋಕದೆಲ್ಲೆಡೆ ಸಭೆಗಳು ಹಾಡುವ ಆ ಮಾತಿಗಿಂತ ನಾಲ್ಕೇ ವಚನ ಹಿಂದೆ ಮಾಚಿಪತ್ರೆ ಇದೆ.

ಗಣಪತಿ ಪೂಜೆಯ 21 ಪತ್ರೆಗಳಲ್ಲಿ ನಮಗೆ ಪರಿಚಯವಿರುವ ಮಾಚಿಪತ್ರೆಯ ಬಂಧು ಅದು. ಯೂದಾಯದ ಅಡವಿಯಲ್ಲಿ, ಸೀನಾಯಿಯಲ್ಲಿ ಮೊಣಕಾಲೆತ್ತರಕ್ಕೆ ಬೆಳೆಯುತ್ತದೆ. ಬೂದುಬಣ್ಣದ ಪುಟಾಣಿ ಎಲೆ, ಬೆರಳಲ್ಲಿ ಹೊಸಕಿದರೆ ಘಾಟು. ಆ ಕಹಿಯನ್ನೇ ಕುದಿಸಿ ಬೆದೂಯಿನರು ಹೊಟ್ಟೆನೋವಿಗೆ ಕುಡಿಯುತ್ತಾರೆ. ಇದೇ ಕುಲದ ಇನ್ನೊಂದು ಗಿಡದಿಂದ ಮಲೇರಿಯಾ ಔಷಧಿ ತೆಗೆದ ಚೀನಾದ ತು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಬಂತು.

ಕಹಿಯನ್ನು ಬಾಯಿಬಿಟ್ಟು ಹೇಳುವುದೇ ಸರಿಯಾದರೆ, ಐಗುಪ್ತ ಬಿಟ್ಟು ಬಂದು ಅಡವಿಯಲ್ಲಿ ಗುಣುಗುಟ್ಟಿದ ಇಸ್ರಾಯೇಲರೇಕೆ ಶಿಕ್ಷೆಗೊಳಗಾದರು, ಅವರೂ ಬಾಯಿಬಿಟ್ಟು ಹೇಳಿದವರೇ ಅಲ್ಲವೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಶೂರ್ ಅಡವಿಯಲ್ಲಿ ಮೂರು ದಿನ ನೀರಿಲ್ಲದೆ ನಡೆದು ಮಾರಾಕ್ಕೆ ಬಂದರೆ ಅಲ್ಲಿನ ನೀರು ಕಹಿ. ಜನ ಮೋಶೆಯ ಮೇಲೆ ಗುಣುಗುಟ್ಟಿದರು. ಮೋಶೆ ಕರ್ತನಿಗೆ ಮೊರೆಯಿಟ್ಟ. ಒಂದೇ ನೀರು, ಒಂದೇ ದಾಹ. ಅವರ ಮಾತು ಅಕ್ಕಪಕ್ಕ ಹರಿಯಿತು, ಇವನ ಮಾತು ನೇರ ದೇವರ ಮುಖಕ್ಕೆ ಹೋಯಿತು. ವ್ಯತ್ಯಾಸ ಇಷ್ಟೇ, ಆದರೆ ಎಷ್ಟು ದೊಡ್ಡದು! ಅಷ್ಟಾದರೂ ಅವತ್ತು ದೇವರು ಜನರ ಮೇಲೆ ಸಿಟ್ಟಾಗಲಿಲ್ಲ. ಒಂದು ಮರ ತೋರಿಸಿದ, ಮೋಶೆ ಅದನ್ನು ನೀರಿಗೆಸೆದ, ನೀರು ಸಿಹಿಯಾಯಿತು. 12 ಬುಗ್ಗೆಗಳ, 70 ಖರ್ಜೂರದ ಮರಗಳ ಏಲೀಮ್ ಮುಂದೆಯೇ ಇತ್ತು, ನೇರ ಅಲ್ಲಿಗೇ ಕರೆದೊಯ್ಯಬಹುದಿತ್ತು. ಕರೆದೊಯ್ದದ್ದು ಮಾರಾದ ಮೂಲಕ.

ಮತ್ತಾಯನ ಸುವಾರ್ತೆಯ ಒಂದು ಚಿಕ್ಕ ಸಂಗತಿ ಇಷ್ಟು ವರ್ಷ ನನ್ನ ಕಣ್ತಪ್ಪಿಸಿಕೊಂಡಿದ್ದು ಹೇಗೋ! ಗೊಲ್ಗೊಥಾದಲ್ಲಿ ಯೇಸುವಿಗೆ ಕಹಿ ಬೆರೆಸಿದ ದ್ರಾಕ್ಷಾರಸ ಕೊಟ್ಟರು. ಮಾರ್ಕನು ಅದನ್ನು ರಕ್ತಬೋಳ ಎನ್ನುತ್ತಾನೆ. ಸಾಯಲು ಹೋಗುವವರ ಪ್ರಜ್ಞೆ ಮಂಕಾಗಲೆಂದು ದ್ರಾಕ್ಷಾರಸದಲ್ಲಿ ಧೂಪ ಬೆರೆಸಿ ಕೊಡುವ ರೂಢಿ ಯೆರೂಸಲೇಮಿನಲ್ಲಿತ್ತೆಂದು ತಾಲ್ಮೂದ್ ಹೇಳುತ್ತದೆ. ಯೇಸು ಏನು ಮಾಡಿದ? ರುಚಿ ನೋಡಿದ, ಕುಡಿಯಲಿಲ್ಲ. ನಾಲಿಗೆಗೆ ತಾಗಿಸಿಕೊಂಡ, ಮಂಪರನ್ನು ಒಲ್ಲೆನೆಂದ. ಆಮೇಲೆ ಎಲ್ಲರಿಗೂ ಕೇಳುವಂತೆ ಮಹಾಧ್ವನಿಯಿಂದ 22ನೇ ಕೀರ್ತನೆಯ ಮೊದಲ ಸಾಲನ್ನು ಕೂಗಿದ. ಏಕೆ ಕೈಬಿಟ್ಟೆ ಎಂಬ ಪ್ರಶ್ನೆ ಅದು. ದೇವಕುಮಾರನೇ ಅದನ್ನು ನುಂಗಿಕೊಳ್ಳಲಿಲ್ಲ!

ಅದರ ಹಿಂದಿನ ರಾತ್ರಿಯ ಊಟ ಪಸ್ಕದ್ದೆಂದು ಮತ್ತಾಯ, ಮಾರ್ಕ, ಲೂಕ ಮೂವರೂ ಬರೆಯುತ್ತಾರೆ. ಹಾಗಿದ್ದರೆ ಆ ಮೇಜಿನ ಮೇಲೆ ರೊಟ್ಟಿ, ಪಾತ್ರೆಗಳ ಜೊತೆ ಕಹಿಸೊಪ್ಪೂ ಇದ್ದಿರಲೇಬೇಕು. ರೊಟ್ಟಿ ಉಳಿಯಿತು, ಪಾತ್ರೆ ಉಳಿಯಿತು, ಸೊಪ್ಪು ಮಾತ್ರ ನಮ್ಮ ಕರ್ತನ ಭೋಜನಕ್ಕೆ ಬರಲೇ ಇಲ್ಲ. ಕೇರಳದ ಸಿರಿಯನ್ ಕ್ರೈಸ್ತರು ಶುಭಶುಕ್ರವಾರದ ಆರಾಧನೆ ಮುಗಿದ ಮೇಲೆ ಹಾಗಲಕಾಯಿ ರಸದಂಥ ಕಹಿನೀರು ಕುಡಿಯುತ್ತಾರೆ. ಶಿಲುಬೆಯ ಕಹಿಯ ನೆನಪಿಗೆ ಅದು. ನಮ್ಮ ಸಭೆಗಳಲ್ಲೂ ಅದಿರಬೇಕಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಸತ್ಯವೇದ ಭಯಪಡುವುದು ಯಾವ ಕಹಿಗೆ ಹಾಗಾದರೆ? ಇಬ್ರಿಯರಿಗೆ ಬರೆದ ಪತ್ರದ 12ನೇ ಅಧ್ಯಾಯದಲ್ಲಿದೆ, ಕಹಿಯಾದ ಬೇರು. ಮಣ್ಣಿನಡಿ ಇರುವಂಥದ್ದು, ಚಿಗುರಿ ಹಲವರನ್ನು ಕೆಡಿಸುವಂಥದ್ದು. ಆ ಮಾತು ಬಂದದ್ದು ಧರ್ಮೋಪದೇಶಕಾಂಡದಿಂದ. ಅಲ್ಲಿ ತಿರುವಿ ನೋಡಿದರೆ ಬೇರಿನ ಪಕ್ಕದಲ್ಲೇ ಒಬ್ಬ ಮನುಷ್ಯ ತನ್ನ ಹೃದಯದೊಳಗೆ ಮಾತಾಡಿಕೊಳ್ಳುತ್ತಿದ್ದಾನೆ, ನನಗೇನೂ ಆಗದು ಎಂದು. ಅಪೊಸ್ತಲರ ಕೃತ್ಯಗಳಲ್ಲಿ ಹಣ ಕೊಟ್ಟು ಪವಿತ್ರಾತ್ಮನ ಶಕ್ತಿ ಕೊಳ್ಳಹೊರಟ ಸಮಾರ್ಯದ ಸೀಮೋನನಿಗೆ, ನೀನು ಕಹಿವಿಷದಲ್ಲಿದ್ದೀ ಎಂದ ಪೇತ್ರನು ಕ್ಷಮೆ ಬೇಡಲು ಹೇಳಿದ್ದು ಅವನ ಹೃದಯದ ಆಲೋಚನೆಗೆ. ಯೇಸುವನ್ನು ಅರಿಯೆನೆಂದು ಹೇಳಿ, ಕೋಳಿ ಕೂಗಿದಾಗ ಹೊರಗೆ ಹೋಗಿ ಬಹು ವ್ಯಥೆಪಟ್ಟು ಕಹಿಕಹಿಯಾಗಿ ಅತ್ತ ಪೇತ್ರನೇ ಇದನ್ನು ಹೇಳುತ್ತಿರುವವನು. ಎರಡೂ ಕಹಿ ಅವನಿಗೆ ಗೊತ್ತು!

ಕಹಿಬೇರಿನ ಮರುವಚನದಲ್ಲೇ ಇಬ್ರಿಯ ಪತ್ರ ಒಬ್ಬನ ಹೆಸರೆತ್ತುತ್ತದೆ: ಏಸಾವ. ಆದಿಕಾಂಡಕ್ಕೆ ಓಡಿದೆ. ತಮ್ಮ ಯಾಕೋಬ ವೇಷ ಹಾಕಿ ತಂದೆಯ ಆಶೀರ್ವಾದ ಕದ್ದನೆಂದು ತಿಳಿದಾಗ ಏಸಾವ ದುಃಖಾಕ್ರಾಂತನಾಗಿ, ಕಹಿಕಹಿಯಾಗಿ ಕೂಗಿದ. ಅದು ಬಾಯಿಯ ಕಹಿ, ಆ ಕೂಗಿಗೆ ಗ್ರಂಥ ತಪ್ಪು ಹೊರಿಸುವುದಿಲ್ಲ. ಕೆಲವೇ ವಚನಗಳ ನಂತರ ಅವನು ಹೃದಯದೊಳಗೆ ಒಂದು ಮಾತು ಆಡಿಕೊಳ್ಳುತ್ತಾನೆ: ತಂದೆ ಸತ್ತು ದುಃಖಿಸುವ ದಿನಗಳು ಹತ್ತಿರವಾದವು, ಆಗ ತಮ್ಮನನ್ನು ಕೊಲ್ಲುತ್ತೇನೆ. ಬೇರು ಇಳಿದದ್ದು ಆ ಗಳಿಗೆಯಲ್ಲಿ!

ಯಾಕೋಬ ಓಡಿಹೋದ. 20 ವರ್ಷದ ಮೇಲೆ ಹಿಂತಿರುಗುವಾಗ ಏಸಾವ 400 ಮಂದಿಯೊಡನೆ ಎದುರು ಬರುತ್ತಿದ್ದಾನೆಂಬ ಸುದ್ದಿ. ಯಾಕೋಬ ನಡುಗಿ ಕಾಣಿಕೆ ಕಳಿಸಿದ. ಆಡು, ಕುರಿ, ಒಂಟೆ, ಹಸು, ಹೋರಿ, ಕತ್ತೆ, ನಾನು ಕೂಡಿಸಿ ನೋಡಿದೆ, ಒಂಟೆಮರಿಗಳನ್ನು ಬಿಟ್ಟೇ 550. ಅಣ್ಣ ಅದನ್ನು ಕಣ್ಣೆತ್ತಿಯೂ ನೋಡದಂತೆ ಓಡಿಬಂದು ತಮ್ಮನನ್ನು ಅಪ್ಪಿಕೊಂಡ, ಇಬ್ಬರೂ ಅತ್ತರು. ಆ 20 ವರ್ಷಗಳಲ್ಲಿ ಏಸಾವನೊಳಗೆ ನಡೆದದ್ದೇನೆಂದು ಆದಿಕಾಂಡ ಒಂದು ಮಾತೂ ಹೇಳುವುದಿಲ್ಲ.

ಆದರೆ ಎರಡು ಅಧ್ಯಾಯ ದಾಟಿದ ಮೇಲೆ ಸದ್ದಿಲ್ಲದೆ ಇನ್ನೊಂದು ವಚನವಿದೆ, 35ನೇ ಅಧ್ಯಾಯದ ಕೊನೆಯದು. ತಂದೆ ಇಸಾಕನು 180 ವರ್ಷ ಬದುಕಿ ಸತ್ತ. ಏಸಾವ ಕೊಲೆಗೆಂದು ಗೊತ್ತುಮಾಡಿಟ್ಟಿದ್ದ ದಿನ ಅದೇ. ಆ ದಿನ ಏಸಾವ, ಯಾಕೋಬ ಇಬ್ಬರೂ ಸೇರಿ ತಂದೆಯನ್ನು ಮಣ್ಣುಮಾಡಿದರು.