ನಲವತ್ತು ದಾಟಿದ ಮೇಲೆ ಏಳುವ ಪ್ರಶ್ನೆ

ನಲವತ್ತು ದಾಟಿದ ಅನೇಕ ಹೆಂಗಸರನ್ನು ತಾವು ಯಾರು, ಹಿಂದೆ ಕೈಗೊಂಡ ತೀರ್ಮಾನಗಳು ಸರಿಯಿದ್ದವೇ ಎಂಬ ಪ್ರಶ್ನೆ ಕಾಡತೊಡಗುತ್ತದೆ. ಮಕ್ಕಳು ಓದಿಗೋ ಕೆಲಸಕ್ಕೋ ಊರು ಬಿಡುವುದು, ಮನೆಯ ಹಿರಿಯರು ಹಾಸಿಗೆ ಹಿಡಿಯುವುದು, ಮುಟ್ಟು ನಿಲ್ಲುವುದು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬರುವ ವಯಸ್ಸಿದು.

‘ನಡುವಯಸ್ಸಿನ ಬಿಕ್ಕಟ್ಟು’ ಎಂಬ ಮಾತನ್ನು ಚಾಲ್ತಿಗೆ ತಂದದ್ದು ಮನೋವಿಶ್ಲೇಷಕ ಎಲಿಯಟ್ ಜಾಕ್ಸ್ ಅವರ 1965ರ ಪ್ರಬಂಧ. ಅವರು ಚರ್ಚಿಸಿದ್ದು ಬಹುಪಾಲು ಗಂಡು ಕಲಾವಿದರನ್ನು. ಸಾವು ಸಮೀಪಿಸುತ್ತಿದೆ ಎಂಬ ಅರಿವೇ ಬಿಕ್ಕಟ್ಟಿನ ಬೇರು ಎಂಬುದು ಅವರ ವಾದ. ಹೆಂಗಸರನ್ನು ಕಾಡುವುದು ಹಲವು ಬಾರಿ ಬೇರೆಯದೇ: ಕಳೆದುಹೋದ ವರ್ಷಗಳು ಯಾರ ಪಾಲಾದವು ಎಂಬುದು. ಅಮೆರಿಕದ ಲೇಖಕಿ ಬೆಟ್ಟಿ ಫ್ರೀಡನ್ 1957ರಲ್ಲಿ ಸ್ಮಿತ್ ಕಾಲೇಜಿನ ತಮ್ಮ ಸಹಪಾಠಿಗಳಿಗೆ ಪ್ರಶ್ನಾವಳಿ ಕಳಿಸಿ ಇದನ್ನೇ ಕೆದಕಿದರು. ಅದರಿಂದ ಬೆಳೆದ ‘ದಿ ಫೆಮಿನೈನ್ ಮಿಸ್ಟಿಕ್’ ಪುಸ್ತಕ 1963ರಲ್ಲಿ ಹೊರಬಂತು. ಪದವಿ ಪಡೆದು ಮನೆಯಲ್ಲುಳಿದವರ ಅತೃಪ್ತಿ ಅವರ ಸ್ವಂತ ಕೊರತೆಯಲ್ಲ ಎಂದು ಅದು ಹೇಳಿತು. ಬಿಳಿಯ ಮಧ್ಯಮವರ್ಗದಾಚೆಗೆ ಆಕೆ ನೋಡಲಿಲ್ಲವೆಂಬ ಆಕ್ಷೇಪ ನ್ಯಾಯವಾದದ್ದು; ಆದರೂ ಆ ಪುಸ್ತಕದ ತಿರುಳು ನಮಗೂ ಸಲ್ಲುತ್ತದೆ.

ಡಿಗ್ರಿ ಮುಗಿಯುವಷ್ಟರಲ್ಲಿ ಮದುವೆ, ಗಂಡನ ವರ್ಗಾವಣೆಯ ಬೆನ್ನಿಗೆ ರಾಜೀನಾಮೆ, ಮಗುವಿಗಾಗಿ ಬಿಟ್ಟ ಬಡ್ತಿ: ಇವನ್ನು ‘ಅವಳೇ ಆರಿಸಿಕೊಂಡದ್ದು’ ಎನ್ನುವ ಮೊದಲು ಆಗ ಅವಳೆದುರು ಬೇರೆ ದಾರಿ ಇತ್ತೇ ಎಂದು ಕೇಳಬೇಕು. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಆ ಕೆಲಸಕ್ಕೆ ಕೈಹಾಕುತ್ತಿದ್ದ ಗಂಡಸರು 97 ನಿಮಿಷ. ಇಪ್ಪತ್ತೈದು ವರ್ಷ ದಿನಾ ಐದು ಗಂಟೆ ಹೀಗೆ ಕಳೆದವರಿಗೆ ತಮ್ಮ ಇಷ್ಟವೇನೆಂಬುದೇ ಮಸುಕಾಗಿರುವುದು ಸಹಜ.

ದೇಹದ ಪಾತ್ರವೂ ಇದೆ. ಭಾರತದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46–47. ಅದಕ್ಕೆ ಕೆಲವು ವರ್ಷ ಮೊದಲಿನಿಂದಲೇ ಈಸ್ಟ್ರೋಜೆನ್ ಏರಿಳಿದು ನಿದ್ದೆಗೇಡು, ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರುವುದು, ಸಿಡುಕು ಕಾಣಿಸಿಕೊಳ್ಳುತ್ತವೆ. ಇವಕ್ಕೆ ಚಿಕಿತ್ಸೆಯುಂಟು. ಆದರೆ ‘ಮುಟ್ಟು ನಿಲ್ಲೋ ಕಾಲ, ಹಾಗೇ ಇರುತ್ತೆ’ ಎಂದು ಅವಳ ಪ್ರಶ್ನೆಯನ್ನೇ ತಳ್ಳಿಹಾಕುವುದು ಅನ್ಯಾಯ. ಎರಡು ವಾರ ಮೀರಿಯೂ ದಿನವಿಡೀ ಬೇಸರ, ನಿರಾಸಕ್ತಿ ಬಿಡದಿದ್ದರೆ ಅದು ಖಿನ್ನತೆಯಿರಬಹುದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು.

ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಕೆಲವರು ನಿಂತ ಓದನ್ನು ಮತ್ತೆ ಹಿಡಿಯುತ್ತಾರೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ 1996ರಿಂದ ಅದಕ್ಕೊಂದು ದಾರಿ. ಕೆಲವರು ಸ್ತ್ರೀಶಕ್ತಿ ಗುಂಪಿನ ಸಾಲದಲ್ಲಿ ಸಣ್ಣ ವ್ಯಾಪಾರ ಹೂಡುತ್ತಾರೆ. ಇನ್ನು ಕೆಲವರು ಹೊರಗೆ ಏನನ್ನೂ ಬದಲಿಸುವುದಿಲ್ಲ. ಸಂಜೆಯ ಎರಡು ಗಂಟೆ ತಮ್ಮದೆಂದು ಹೇಳಿ, ರಾತ್ರಿಯ ಅಡುಗೆಯನ್ನು ಗಂಡ, ಮಕ್ಕಳಿಗೆ ವಹಿಸುತ್ತಾರೆ.