ಆರು ವರ್ಷಗಳ ತಿದ್ದುಪಡಿ

ಕಳೆದ ಮಳೆಗಾಲದ ಒಂದು ಸಂಜೆ ಮೈಲೂರಿನ ಕುಟುಂಬವೊಂದರ ಯಜಮಾನರು ನಮ್ಮ ಕಚೇರಿಗೆ ಬಂದು ಮಗಳ ಜ್ಞಾನಸ್ನಾನದ ಪ್ರಮಾಣಪತ್ರವನ್ನು ಕೇಳಿದರು. ಪತ್ರ ಬರೆದು ಮೊಹರು ಒತ್ತುವಷ್ಟರಲ್ಲಿ, ತಡವರಿಸುತ್ತ ಇನ್ನೊಂದು ಮಾತನ್ನಾಡಿದರು. ಜನ್ಮವರ್ಷವನ್ನು ಆರು ವರ್ಷ ಹಿಂದಕ್ಕೆ ಹಾಕಬೇಕಂತೆ. ಹುಡುಗಿಗೆ ಇಪ್ಪತ್ತನಾಲ್ಕು, ಮೂವತ್ತು ತುಂಬಿರಬೇಕೆಂದು ದಲ್ಲಾಳಿ ಹೇಳಿದ್ದಾನೆ, ರಿಯಾದಿನಲ್ಲಿ ಮನೆಗೆಲಸ ಕಾದಿದೆ. "ಒಂದ್ ಅಂಕಿ ಬದಲಾದ್ರ ಯಾರಿಗಿ ಏನ್ ನುಕ್ಸಾನ್ ಅದ, ಫಾದರ್?" ಎಂದರು.

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುವಾಗ, ಸಂತ ಅಗಸ್ಟೀನರು ಸುಳ್ಳನ್ನು ಎಂಟು ಬಗೆಯಾಗಿ ವಿಂಗಡಿಸಿದ್ದನ್ನು ನಾವು ಕಂಠಪಾಠ ಮಾಡಿದ್ದೆವು. ಯಾರಿಗೂ ಕೇಡಾಗದೆ ಒಬ್ಬರಿಗೆ ಉಪಕಾರವಾಗುವ ಸುಳ್ಳೂ ಅವುಗಳಲ್ಲೊಂದು. ಸಂತರು ಅದನ್ನೂ ಒಪ್ಪಲಿಲ್ಲ. ಆದರೆ ಆ ಸಂಜೆ ನಮಗೆ ಅಷ್ಟು ದೂರ ಹೋಗುವ ಅಗತ್ಯವೇ ಬೀಳಲಿಲ್ಲ. ಈ ಸುಳ್ಳಿನಿಂದ ಕೇಡಾಗುವುದು ಆ ಹುಡುಗಿಗೇ.

ಹತ್ತನೆಯ ತರಗತಿ ಪಾಸಾಗದವರು ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ 18 ದೇಶಗಳಿಗೆ ದುಡಿಯಲು ಹೋಗಬೇಕಾದರೆ, 1983ರ ವಲಸೆ ಕಾಯಿದೆಯಂತೆ ಸರ್ಕಾರದ ಅನುಮತಿ ಪಡೆಯಬೇಕು. ಇಂಥ ಮಹಿಳೆಯರಿಗೆ ಮೂವತ್ತು ವರ್ಷ ತುಂಬಿರಬೇಕೆಂಬ ನಿಯಮವಿದೆ. 2016ರಿಂದ ಅವರ ನೇಮಕಾತಿ ಸರ್ಕಾರಿ ಸಂಸ್ಥೆಗಳ ಮೂಲಕವೇ ನಡೆಯಬೇಕೆಂದೂ ವಿಧಿಸಲಾಗಿದೆ. ಬಡವರ ಅನ್ನಕ್ಕೆ ಅಡ್ಡ ಬರುವ ನಿಯಮವೆಂದು ಇದನ್ನು ಜರೆಯುವವರಿದ್ದಾರೆ. ಭಾಲ್ಕಿ, ಔರಾದ್ ಕಡೆಯ ಒಣಬೇಸಾಯವನ್ನು ಬಲ್ಲ ನಾವು ಆ ಮಾತನ್ನು ಹಗುರವಾಗಿ ತಳ್ಳಿಹಾಕಲಾರೆವು. ಆದರೂ ನಾಲ್ಕು ಗೋಡೆಗಳ ನಡುವೆ ಒಬ್ಬಂಟಿಯಾಗಿ ದುಡಿಯುವ ಹೆಣ್ಣುಮಗಳ ಕೂಗು ಬೀದಿಗೆ ಕೇಳಿಸದೆಂಬ ಕಹಿ ಅನುಭವವೇ ಈ ನಿಯಮದ ಬೆನ್ನಿಗಿದೆ.

ಭಾರತ ಮತ್ತು ಸೌದಿ ಅರೇಬಿಯಾಗಳು 2014ರ ಜನವರಿಯಲ್ಲಿ ಗೃಹಕಾರ್ಮಿಕರ ಕುರಿತು ಒಪ್ಪಂದ ಮಾಡಿಕೊಂಡವು. ಈಗ 'ಇ-ಮೈಗ್ರೇಟ್' ಎಂಬ ಸರ್ಕಾರಿ ಗಣಕ ವ್ಯವಸ್ಥೆಯಲ್ಲಿ ವಿದೇಶದ ಮಾಲೀಕನ ಹೆಸರು, ಸಂಬಳ, ಕರಾರು ಎಲ್ಲವೂ ದಾಖಲಾಗುತ್ತವೆ. ನಮ್ಮ ವಿಮಾನ ನಿಲ್ದಾಣದಲ್ಲೂ ಅಲ್ಲಿನ ನಮ್ಮ ರಾಯಭಾರ ಕಚೇರಿಯಲ್ಲೂ ಅವನ್ನು ತಾಳೆ ನೋಡಬಹುದು. ಎರಡು ಸರ್ಕಾರಗಳು ಕೈಜೋಡಿಸಿದರೂ ಅವುಗಳ ಕಣ್ಣಿಗೆ ಬೀಳುವುದು ಕಾಗದದಲ್ಲಿದ್ದಷ್ಟೇ. ಮೊದಲ ಕಾಗದವೇ ಸುಳ್ಳಾದರೆ, ರಿಯಾದಿನ ಅಧಿಕಾರಿ ಪ್ರಾಮಾಣಿಕನಾಗಿದ್ದೂ ಏನು ಮಾಡಿಯಾನು? ಆ ಮೊದಲ ಕಾಗದ ನಮ್ಮ ಮೇಜಿನ ಮೇಲಿತ್ತು. ನಾವು ಒಲ್ಲೆವೆಂದೆವು. ಆ ಹಿರಿಯರು ಮಾತಿಲ್ಲದೆ ಎದ್ದು ಹೋದರು. ಮುಂದಿನ ಮೂರು ಭಾನುವಾರ ಪೂಜೆಗೂ ಬರಲಿಲ್ಲ.

ದಲ್ಲಾಳಿಯಂತೂ ಸೋಲೊಪ್ಪಲಿಲ್ಲ. ನಿಜವಾದ ವಯಸ್ಸಿನಲ್ಲೇ ಪಾಸ್‌ಪೋರ್ಟ್ ಮಾಡಿಸಿ, ಅದನ್ನು ತನ್ನಲ್ಲೇ ಇರಿಸಿಕೊಂಡು, ಹೈದರಾಬಾದಿನಿಂದ ಸಂದರ್ಶಕರ ವೀಸಾದ ಮೇಲೆ ಕಳುಹಿಸುವೆನೆಂದ. ಸಂದರ್ಶಕರ ವೀಸಾ ಎಂದರೆ ನೋಡಿ ಬರಲು ಕೊಡುವ ಪರವಾನಗಿ. ಅದರ ಮೇಲೆ ದುಡಿದವಳಿಗೆ ಇಕಾಮಾ, ಅಂದರೆ ಅಲ್ಲಿನ ವಾಸದ ಪರವಾನಗಿ, ಇಲ್ಲ. ಅದಿಲ್ಲದವಳು ಸಂಬಳ ಸಿಗಲಿಲ್ಲವೆಂದು ದೂರಲು ಹೋದರೆ ಮೊದಲು ತಾನೇ ತಪ್ಪಿತಸ್ಥೆಯಾಗುತ್ತಾಳೆ. 'ಆಜಾದ್ ವೀಸಾ' ಎಂಬ ಇನ್ನೊಂದು ಸರಕೂ ಮಾರಾಟದಲ್ಲಿದೆ. ಹೆಸರಿಗೊಬ್ಬ ಮಾಲೀಕ, ದುಡಿಮೆ ಬೇರೆ ಕಡೆ. 2013ರಲ್ಲಿ ಸೌದಿ ಸರ್ಕಾರ ಇಂಥವರ ಪರಿಶೀಲನೆಯನ್ನು ಬಿಗಿಗೊಳಿಸಿದಾಗ ಲಕ್ಷಕ್ಕೂ ಹೆಚ್ಚು ಭಾರತೀಯರು ಊರಿಗೆ ಮರಳಬೇಕಾಯಿತು.

ಮೋಸ ಕೊಲ್ಲಿಯ ದಾರಿಯಲ್ಲಷ್ಟೇ ಇಲ್ಲ. ನೆರೆಯ ಕಲಬುರಗಿ ಜಿಲ್ಲೆಯ ಮೂವರು ಯುವಕರನ್ನು ಸಹಾಯಕರ ಕೆಲಸವೆಂದು ನಂಬಿಸಿ ರಷ್ಯಾಕ್ಕೆ ಒಯ್ದು, ಉಕ್ರೇನ್ ಯುದ್ಧರಂಗಕ್ಕೆ ನೂಕಿದ ಸುದ್ದಿ 2024ರ ಫೆಬ್ರವರಿಯಲ್ಲಿ ಹೊರಬಿತ್ತು. ಇದೇ ಬಗೆಯಲ್ಲಿ ಹೋದ ಗುಜರಾತಿನ ತರುಣನೊಬ್ಬ ಆ ತಿಂಗಳೇ ಅಲ್ಲಿ ಹತನಾದ. ಮಾರ್ಚಿಯಲ್ಲಿ ಸಿ.ಬಿ.ಐ. ಮೊಕದ್ದಮೆ ದಾಖಲಿಸಿತು. ಜುಲೈಯಲ್ಲಿ ಪ್ರಧಾನಿಯವರೇ ಮಾಸ್ಕೋದಲ್ಲಿ ಈ ವಿಷಯ ಎತ್ತಿದರು. ಕಲಬುರಗಿಯ ಯುವಕರು ಮನೆ ಸೇರಿದ್ದು ಸೆಪ್ಟೆಂಬರಿನಲ್ಲಿ. ಎರಡು ದೇಶಗಳ ಸಹಕಾರದಿಂದಲೇ ಅವರು ಬದುಕಿ ಬಂದರೆಂಬುದು ನಿಜ. ಆದರೆ ತಾಯಂದಿರು ಎಷ್ಟು ತಿಂಗಳು ಬಾಗಿಲು ಕಾದರೆಂಬುದನ್ನು ಓದುಗರೇ ಎಣಿಸಲಿ.

ನಾಲ್ಕನೆಯ ಭಾನುವಾರ ಆ ತಂದೆ ಪೂಜೆ ಮುಗಿದ ಮೇಲೆ ಜಗಲಿಯಲ್ಲಿ ನಿಂತಿದ್ದರು. ದಲ್ಲಾಳಿ ಕೊಟ್ಟಿದ್ದ ಚೀಟಿಯನ್ನು ಹಿಡಿದು, ನಮ್ಮ ಯುವಕ ಸಂಘದ ಹುಡುಗನೊಬ್ಬನನ್ನು ಕರೆದು, ಇ-ಮೈಗ್ರೇಟ್‌ನಲ್ಲಿ ಪರವಾನಗಿ ಪಡೆದ ಏಜೆಂಟರ ಪಟ್ಟಿಯನ್ನು ತೆಗೆಸಿದೆವು. ಆ ಹೆಸರು ಅಲ್ಲಿರಲಿಲ್ಲ. ಪರವಾನಗಿ ಇದ್ದವನೂ ಸೇವಾಶುಲ್ಕವಾಗಿ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆಗಿಂತ ಹೆಚ್ಚು ಪಡೆಯುವಂತಿಲ್ಲ. ಈತ ಮುಂಗಡವೆಂದೇ ನಲವತ್ತು ಸಾವಿರ ತೆಗೆದುಕೊಂಡಿದ್ದ. ರಸೀದಿ ಕೊಟ್ಟಿರಲಿಲ್ಲ. ವಿಮೆಯ ಮಾತೂ ಇರಲಿಲ್ಲ. ಕ್ರಮಬದ್ಧವಾಗಿ ಹೋಗುವವರಿಗೆ ಎರಡು ವರ್ಷಕ್ಕೆ 275 ರೂಪಾಯಿ ಕಂತಿನಲ್ಲಿ ಹತ್ತು ಲಕ್ಷದ ವಿಮೆ ದೊರೆಯುತ್ತದೆಂಬುದನ್ನು ಅವರು ಕೇಳಿಯೇ ಇರಲಿಲ್ಲ.

ಹಿರಿಯರು ಬಹಳ ಹೊತ್ತು ಆ ಪಟ್ಟಿಯನ್ನೇ ನೋಡಿದರು. ಮಗಳು ಹೊರಡಲಿಲ್ಲ. ಪಾಸ್‌ಪೋರ್ಟ್ ಮತ್ತು ಹಣ ಇನ್ನೂ ಆ ಮನುಷ್ಯನ ಬಳಿಯೇ ಇವೆ. ಬರುವ ಸೋಮವಾರ ತಂದೆ–ಮಗಳನ್ನು ಕರೆದುಕೊಂಡು ಪೊಲೀಸ್ ಠಾಣೆಗೆ ದೂರು ಕೊಡಲು ಹೋಗುವವರಿದ್ದೇವೆ. ಇದೇ ದಲ್ಲಾಳಿಗೆ ಹಣ ಕೊಟ್ಟ ಇನ್ನೆರಡು ಮನೆಗಳು ಭಾಲ್ಕಿ ಕಡೆ ಇವೆಯೆಂದು ಕೇಳಿದ್ದೇವೆ; ಅವರೂ ಅಂದು ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ಕಚೇರಿಗೆ ಬರಬಹುದು.