ಮಾತ್ರೆಯನ್ನು ಬಿಡದೆ ಹೃದಯವನ್ನು ಕಾಯುವ ಬಗೆ

ಏಡ್ಸ್ ಎಂಬ ಹೆಸರು ಕಿವಿಗೆ ಬಿದ್ದೊಡನೆ ಮರಣವನ್ನೇ ನೆನೆಯುತ್ತಿದ್ದ ಕಾಲವೊಂದಿತ್ತು. 1986ರಲ್ಲಿ ಅಂದಿನ ಮದರಾಸಿನಲ್ಲಿ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಡಾ. ಸೆಲ್ಲಪ್ಪನ್ ನಿರ್ಮಲಾ ಅವರು ಎಚ್.ಐ.ವಿ. ಸೋಂಕನ್ನು ನಮ್ಮ ದೇಶದಲ್ಲಿ ಮೊತ್ತಮೊದಲು ಪತ್ತೆ ಹಚ್ಚಿದಾಗ ಅದಕ್ಕೆ ತಕ್ಕ ಮದ್ದೇ ಇರಲಿಲ್ಲ. 1996ರ ಸುಮಾರಿಗೆ ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆ ಬಳಕೆಗೆ ಬಂದಿತು. 2004ರ ಏಪ್ರಿಲ್ ತಿಂಗಳಿನಿಂದ ಸರಕಾರವು ಅದನ್ನು ಉಚಿತವಾಗಿ ಕೊಡತೊಡಗಿತು. ಇಂದು ಆ ಮಾತ್ರೆಯನ್ನು ತಪ್ಪದೆ ಸೇವಿಸುವವರು ದುಡಿಯುತ್ತಾರೆ, ಮಕ್ಕಳ ಮದುವೆ ಮಾಡುತ್ತಾರೆ, ಮೊಮ್ಮಕ್ಕಳನ್ನು ಎತ್ತಿ ಆಡಿಸುತ್ತಾರೆ.

ಆಯುಷ್ಯ ಬೆಳೆದಂತೆ ವಯಸ್ಸಿನ ವ್ಯಾಧಿಗಳೂ ಜತೆಗೂಡುತ್ತವೆ. ಅವುಗಳಲ್ಲಿ ಮುಖ್ಯವಾದುದು ಹೃದ್ರೋಗ. ಎಚ್.ಐ.ವಿ. ಇರುವವರಿಗೆ ಹೃದಯಾಘಾತದ ಅಪಾಯವು ಇತರರಿಗಿಂತ ಸುಮಾರು ಒಂದೂವರೆಯಿಂದ ಎರಡು ಪಟ್ಟು ಹೆಚ್ಚೆಂದು ಸಂಶೋಧನೆಗಳು ತಿಳಿಸಿವೆ. ಈ ಮಾತನ್ನು ಅರೆಬರೆಯಾಗಿ ಕೇಳಿದವರು, ಮಾತ್ರೆಯಿಂದಲೇ ಹೃದಯ ಕೆಡುವುದಾದರೆ ಅದನ್ನು ಬಿಡುವುದೇ ಲೇಸೆಂದು ಬಗೆಯಬಹುದು. ಹಾಗೆ ಬಗೆಯುವುದು ಪ್ರಾಣಕ್ಕೇ ಅಪಾಯ.

ಈ ಹೆಚ್ಚಿನ ಅಪಾಯಕ್ಕೆ ಕಾರಣಗಳು ಮುಖ್ಯವಾಗಿ ಎರಡು. ಮೊದಲನೆಯದು ಸೋಂಕೇ. ಔಷಧವು ವೈರಾಣುವನ್ನು ಅಡಗಿಸಿದ ಮೇಲೂ ದೇಹದೊಳಗೆ ಅಲ್ಪಮಟ್ಟಿನ ಉರಿಯೂತ ಉಳಿದಿರುತ್ತದೆ. ಅದು ರಕ್ತನಾಳಗಳ ಒಳಪದರವನ್ನು ಕೆಣಕುತ್ತದೆ. ಕೊಲೆಸ್ಟರಾಲ್ ಎಂಬ ಕೊಬ್ಬಿನಂಶವು ಅಲ್ಲಿ ಮೆತ್ತಿಕೊಂಡು ನಾಳವನ್ನು ಕಿರಿದಾಗಿಸುತ್ತದೆ. ಎರಡನೆಯದು ಕೆಲವು ಹಳೆಯ ಔಷಧಗಳು. ಲೊಪಿನಾವಿರ್, ರಿಟೊನಾವಿರ್ ಮೊದಲಾದವು ರಕ್ತದ ಕೊಬ್ಬನ್ನು ಏರಿಸುವಂಥವು. ಈಗ ನಮ್ಮಲ್ಲಿ ಹೆಚ್ಚಿನವರಿಗೆ ಕೊಡುವುದು ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಈ ಮೂರೂ ಕೂಡಿದ ಒಂದೇ ಮಾತ್ರೆ. ಕೊಲೆಸ್ಟರಾಲ್ ವಿಷಯದಲ್ಲಿ ಇದು ಬಹುಮಟ್ಟಿಗೆ ನಿರುಪದ್ರವಿ. ಆದರೆ ಕೆಲವರಿಗೆ ತೂಕ ಏರುವುದುಂಟು. ಅದರ ಮೇಲೆ ಕಣ್ಣಿರಬೇಕು.

ಮಾತ್ರೆಗೆ ನಡುನಡುವೆ ಬಿಡುವು ಕೊಟ್ಟರೆ ಅದರ ಉಪದ್ರವ ತಗ್ಗೀತೇ ಎಂದು ವಿಜ್ಞಾನಿಗಳೂ ಪರೀಕ್ಷಿಸಿದರು. 33 ದೇಶಗಳ 5,472 ಜನರನ್ನು ಒಳಗೊಂಡ ‘ಸ್ಮಾರ್ಟ್’ ಎಂಬ ಆ ಅಧ್ಯಯನದ ಫಲ 2006ರಲ್ಲಿ ಪ್ರಕಟವಾಯಿತು. ಎಣಿಸಿದ್ದಕ್ಕೆ ವಿರುದ್ಧವಾಗಿ, ಬಿಡುವು ಕೊಟ್ಟವರಲ್ಲಿಯೇ ಸಾವೂ ಹೃದಯದ ತೊಂದರೆಯೂ ಹೆಚ್ಚಾಗಿದ್ದವು. ಮಾತ್ರೆ ಬಿಡುವುದರಿಂದ ಹೃದಯಕ್ಕೆ ಕ್ಷೇಮವಿಲ್ಲವೆಂಬುದು ಅಂದೇ ನಿಶ್ಚಯವಾಯಿತು.

ಇನ್ನೊಂದು ಭರವಸೆಯ ವಾರ್ತೆ 2023ರಲ್ಲಿ ಬಂದಿತು. ಭಾರತವೂ ಸೇರಿ 12 ದೇಶಗಳಲ್ಲಿ, ಚಿಕಿತ್ಸೆಯಲ್ಲಿರುವ 40ರಿಂದ 75 ವರ್ಷದ 7,769 ಜನರಲ್ಲಿ ಅರ್ಧದಷ್ಟು ಮಂದಿಗೆ ಪಿಟವಾಸ್ಟಾಟಿನ್ ಎಂಬ ಕೊಲೆಸ್ಟರಾಲ್ ತಗ್ಗಿಸುವ ಮಾತ್ರೆಯನ್ನೂ ಉಳಿದವರಿಗೆ ಔಷಧವಿಲ್ಲದ ಹುಸಿ ಮಾತ್ರೆಯನ್ನೂ ಕೊಟ್ಟು ನೋಡಲಾಯಿತು. ಸುಮಾರು ಐದು ವರ್ಷಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು ಮುಂತಾದ ಗಂಡಾಂತರಗಳು ಮೊದಲ ಗುಂಪಿನಲ್ಲಿ ಶೇಕಡಾ 35ರಷ್ಟು ಕಡಿಮೆಯಾದವು. ಆದುದರಿಂದ ನಾಲ್ವತ್ತು ದಾಟಿದವರು ಈ ವರ್ಗದ ಔಷಧ ತಮಗೆ ತಕ್ಕುದೇ ಎಂದು ವೈದ್ಯರನ್ನು ಕೇಳುವುದು ಉಚಿತ. ತಾವಾಗಿಯೇ ಅಂಗಡಿಯಿಂದ ಕೊಂಡು ನುಂಗಬಾರದು. ಉದಾಹರಣೆಗೆ, ರಿಟೊನಾವಿರ್ ಜತೆಗೆ ಸಿಮ್ವಾಸ್ಟಾಟಿನ್ ಸೇರಿದರೆ ಸ್ನಾಯುಗಳು ಶಿಥಿಲಗೊಂಡು ಮೂತ್ರಪಿಂಡಕ್ಕೂ ಕೇಡಾಗಬಹುದು.

ಗಡಿಯಾಚೆಯ ನಮ್ಮ ಮನೆಗಳವರಿಗೆ ಆಸ್ಪತ್ರೆಯ ಮಾತು ಒಮ್ಮೆ ಮರಾಠಿ, ಒಮ್ಮೆ ತಮಿಳು, ಒಮ್ಮೆ ಮಲಯಾಳ. ಆದುದರಿಂದ ಸೇವಿಸುವ ಔಷಧಗಳ ಹೆಸರನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಯಾವ ವೈದ್ಯರ ಬಳಿಗೆ ಹೋದರೂ ತೋರಿಸಬೇಕು. ಕೆಲಸಕ್ಕಾಗಿ ರಾಜ್ಯ ಬದಲಿಸಬೇಕಾದರೆ ಚಿಕಿತ್ಸಾ ಕೇಂದ್ರದಿಂದ ವರ್ಗಾವಣೆಯ ಪತ್ರ ಪಡೆದು ಹೊಸ ಊರಿನ ಕೇಂದ್ರದಲ್ಲಿ ಮುಂದುವರಿಸಬಹುದು. ಗುಟ್ಟು ರಟ್ಟಾದೀತೆಂಬ ಅಂಜಿಕೆಯಿಂದ ಮಾತ್ರೆ ತಪ್ಪಬಾರದು. ಸೋಂಕಿತರ ಗೋಪ್ಯತೆಯನ್ನು ಕಾಯುವ, ಭೇದಭಾವವನ್ನು ನಿಷೇಧಿಸುವ 2017ರ ಕಾಯಿದೆ 2018ರಿಂದ ಜಾರಿಯಲ್ಲಿದೆ.

ಮನೆಯವರು ಮಾಡಬಹುದಾದುದೂ ಬಹಳವಿದೆ. ಬೀಡಿ, ಸಿಗರೇಟು, ಎಲೆಯಡಿಕೆಯೊಡನೆ ಮೆಲ್ಲುವ ಹೊಗೆಸೊಪ್ಪು, ಇವನ್ನು ಮೊದಲು ದೂರವಿಡಬೇಕು. ವನಸ್ಪತಿಯನ್ನೂ, ಮತ್ತೆ ಮತ್ತೆ ಕಾಯಿಸಿದ ಎಣ್ಣೆಯನ್ನೂ ಬಿಡಬೇಕು. ಉಪ್ಪಿನಕಾಯಿ ಹಪ್ಪಳಗಳು ಮಿತವಾಗಿರಲಿ. ಜೋಳದ ರೊಟ್ಟಿ, ರಾಗಿ ಮುದ್ದೆ, ಬೇಳೆ, ಸೊಪ್ಪು ನಮ್ಮ ಹಿರಿಯರ ಊಟವೇ ಆಗಿದ್ದವು. ದಿನಕ್ಕೆ ಅರ್ಧ ಗಂಟೆಯ ಬಿರುಸು ನಡಿಗೆ ಇರಲಿ. ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ಪರೀಕ್ಷೆಗಳನ್ನು ವೈದ್ಯರು ಹೇಳಿದ ಕಾಲಕ್ಕೆ ಮಾಡಿಸಬೇಕು. ಈ ಅಡುಗೆ ಮನೆಮಂದಿಗೆಲ್ಲ ಹಿತವಾದುದು. ಆದುದರಿಂದ ಬೇರೆ ಪಾತ್ರೆ, ಬೇರೆ ಪಂಕ್ತಿ ಬೇಡ. ಜತೆಗೆ ಕುಳಿತು ಉಂಡರೆ ಎಚ್.ಐ.ವಿ. ತಗಲದು.

ಎದೆ ಹಿಂಡಿದಂತಾಗಿ ನೋವು ತೋಳಿಗೋ ದವಡೆಗೋ ಹರಿದರೆ, ಬೆವರು ಸುರಿದು ಉಸಿರು ಕಟ್ಟಿದರೆ, ವಾಯುವೆಂದು ಕಷಾಯ ಕುಡಿಸುತ್ತ ಕೂಡದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಇಷ್ಟು ವರ್ಷಗಳ ಶ್ರದ್ಧೆಯಿಂದ ಉಳಿಸಿಕೊಂಡ ಜೀವವನ್ನು ಕೆಲವು ಗಂಟೆಗಳ ಉದಾಸೀನಕ್ಕೆ ತೆತ್ತುಬಿಡಬಾರದೆಂಬುದೇ ನಮ್ಮ ಬಿನ್ನಹ.